ಖಾಲಿ ನಮೂನೆಗಳ ಮೇಲೆ ಸಹಿ

ಆ ಮಹಿಳಾ ಕಾಲೇಜಿನ ಪ್ರಾಂಶುಪಾಲರ ಕೋಣೆಯ ಹೊರಗೆ ಒಂದು ಉದ್ದನೆಯ ಬೆಂಚಿತ್ತು. ಮಗಳ ಓದು ಬಿಡಿಸಿ ಟಿ.ಸಿ. ಒಯ್ಯಲು ಬಂದ ಅಪ್ಪಂದಿರನ್ನೆಲ್ಲ ಮೇಡಂ ಮೊದಲು ಅದರ ಮೇಲೆ ಕೂರಿಸುತ್ತಿದ್ದರು. ಹುಡುಗಿಯೊಬ್ಬಳನ್ನೇ ಒಳಗೆ ಕರೆದು ಬಾಗಿಲು ಹಾಕಿಕೊಳ್ಳುತ್ತಿದ್ದರು. ನಿಜವಾಗಿ ಯಾರಿಗೆ ಓದು ಬೇಡವಾಗಿದೆ ಎಂಬುದು ಅವಳ ಬಾಯಿಂದಲೇ ಬರಬೇಕು, ಅಲ್ಲಿಯವರೆಗೆ ಪೆನ್ನಿನ ಮುಚ್ಚಳ ತೆಗೆಯುತ್ತಿರಲಿಲ್ಲ. ಆಮೇಲೆ ಅಪ್ಪನ ಸರದಿ. ಮದುವೆ ಆದಮೇಲೂ ಓದಬಹುದಲ್ಲ ಎಂದು ಒಬ್ಬರು ವಾದ ಹೂಡಿದಾಗ, ಪರೀಕ್ಷೆ ಆದಮೇಲೂ ಮದುವೆ ಆಗಬಹುದಲ್ಲ ಎಂದು ಇವರು ತಣ್ಣಗೆ ಹೇಳಿ ಕಳಿಸಿದ್ದರು. ಹುಡುಗಿಯರು ಬೆನ್ನ ಹಿಂದೆ ಅವರನ್ನು 'ಗುಮ್ಮ' ಎನ್ನುತ್ತಿದ್ದರು. ಹೆದರುತ್ತಿದ್ದವರು ಮಾತ್ರ ಅಪ್ಪಂದಿರು.

ಮೇಡಂ ಇಪ್ಪತ್ತಾರನೆಯ ವಯಸ್ಸಿನಲ್ಲಿ ರಸಾಯನಶಾಸ್ತ್ರ ಕಲಿಸಲು ಬಂದಾಗ ಕಾಲೇಜು ಅಂದರೆ ಒಂದು ಬಾಡಿಗೆ ಗೋದಾಮು, ತಗಡಿನ ಮಾಡು. ಮಳೆ ಹೊಯ್ದರೆ ಪಾಠ ಕೇಳಿಸದು. ಪ್ರಯೋಗಾಲಯದಲ್ಲಿ ನಲ್ಲಿ ಇತ್ತು, ನೀರು ಇರಲಿಲ್ಲ; ಸೆರಗು ಸಿಕ್ಕಿಸಿ ತಾವೇ ಬಕೆಟ್ ಹೊತ್ತರು. ಹದಿನೆಂಟು ವರ್ಷ ಕಲಿಸಿ ಪ್ರಾಂಶುಪಾಲರಾದ ಮೇಲೆ ಆಡಳಿತ ಮಂಡಳಿಯ ಹಿರಿಯರ ಬೆನ್ನು ಬಿಡದೆ ಮೂರಂತಸ್ತಿನ ಕಟ್ಟಡ ಎಬ್ಬಿಸಿದರು. ಮದುವೆಯ ಮಾತು ಎತ್ತಿದವರಿಗೆ ಪುರುಸೊತ್ತಿಲ್ಲ ಎನ್ನುತ್ತಿದ್ದರು. ನಿನ್ನ ಮಕ್ಕಳ ಲೆಕ್ಕ ಇಡೋಕೆ ಗುಮಾಸ್ತರೇ ಬೇಕಲ್ಲಕ್ಕಾ ಎಂದು ತಂಗಿ ನಗುತ್ತಿದ್ದಳು. ಅಕ್ಕನಿಗೆ ಆ ಮಾತು ಇಷ್ಟವಾಗುತ್ತಿತ್ತು.

ಆ ವರ್ಷ ಕಾಲೇಜಿಗೆ ಸ್ವಾಯತ್ತ ಸ್ಥಾನ ಸಿಗುವುದರಲ್ಲಿತ್ತು. ಸ್ವಂತ ಪಠ್ಯ, ಸ್ವಂತ ಪರೀಕ್ಷೆ. ಇಪ್ಪತ್ತು ವರ್ಷದ ಹಂಬಲ. ಕಡತಗಳನ್ನು ಹೊತ್ತು ಮೇಡಂ ಹತ್ತು ದಿನ ವಿಶ್ವವಿದ್ಯಾಲಯದಲ್ಲೇ ಬೀಡುಬಿಡಬೇಕಾಯಿತು. ಹೊರಡುವ ಹಿಂದಿನ ಸಂಜೆ ಹೆಡ್ ಕ್ಲರ್ಕ್ ಟಿ.ಸಿ. ಪುಸ್ತಕ ಹಿಡಿದು ಬಂದ. ಡಿಗ್ರಿ ಮುಗಿಸಿದ ಹುಡುಗಿಯರು ಕೆಲಸಕ್ಕೆ ಸೇರಬೇಕು, ಮುಂದೆ ಓದಬೇಕು, ದಿನಾ ಬಂದು ಕೌಂಟರಿನ ಮುಂದೆ ನಿಲ್ಲುತ್ತಾರೆ ಎಂದು ಗೋಗರೆದ. ಅವನು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಮೇಡಂ ಒಂದು ಕಣ್ಣು ಕಡತದ ಮೇಲಿಟ್ಟುಕೊಂಡೇ ಅರವತ್ತು ಖಾಲಿ ನಮೂನೆಗಳಿಗೆ ಸಹಿ ಹಾಕಿದರು. ಓದು ಮುಗಿಸಿದವರಿಗೆ ಮಾತ್ರ ಎಂದು ಬಾಯಿಬಿಟ್ಟು ಹೇಳಲಿಲ್ಲ. ಇಪ್ಪತ್ತು ವರ್ಷ ಜೊತೆಗಿದ್ದವನಿಗೆ ಅದನ್ನೂ ಹೇಳಬೇಕೇ ಅನ್ನಿಸಿರಬೇಕು. ದೊಡ್ಡವರು ಎಡವುವುದೇ ಇಂಥ ಕಡೆ.

ಹತ್ತು ದಿನದ ಮೇಲೆ ಸ್ವಾಯತ್ತ ಸ್ಥಾನದ ಆದೇಶ ಹಿಡಿದು ಗೆದ್ದು ಬಂದರು. ಅಧ್ಯಾಪಕರೆಲ್ಲ ಮೆಟ್ಟಿಲ ಮೇಲೆ ನಿಂತು ಚಪ್ಪಾಳೆ ತಟ್ಟಿದರು. ಅದೇ ಮಧ್ಯಾಹ್ನ ಅಭ್ಯಾಸಬಲದಿಂದ ಟಿ.ಸಿ. ಹರಿದುಕೊಟ್ಟ ಮೇಲೆ ಪುಸ್ತಕದಲ್ಲಿ ಉಳಿದ ಅರ್ಧಚೀಟಿಗಳನ್ನು ತಿರುವಿಹಾಕುತ್ತಿದ್ದವರ ಕೈ ಮೂವತ್ತೊಂದನೆಯದರ ಮೇಲೆ ನಿಂತಿತು. ಎರಡನೆಯ ವರ್ಷದ ಹುಡುಗಿ, ದರ್ಜಿಯ ಮಗಳು. ಪ್ರಯೋಗಾಲಯದಿಂದ ಸಂಜೆ ಅಟ್ಟಿದರೂ ಹೋಗದವಳು, ಕೈಗೆ ಆಮ್ಲ ಸಿಡಿದರೂ ಮೊದಲು ಅಳತೆ ಬರೆದುಕೊಂಡವಳು. ಮುಂದೊಂದು ದಿನ ತಮ್ಮ ತರಗತಿಯಲ್ಲಿ ಇವಳು ನಿಂತು ಪಾಠ ಮಾಡುತ್ತಾಳೆ ಎಂದು ಮೇಡಂ ಯಾರಿಗೂ ಹೇಳದೆ ಅಂದುಕೊಂಡಿದ್ದರು.

ಹೆಡ್ ಕ್ಲರ್ಕನನ್ನು ಕರೆಸಿದರು. ಬೇರೆ ಊರಿನ ಕಾಲೇಜಿಗೆ ಸೇರಿಸುತ್ತೇವೆ ಎಂದು ಅವಳಪ್ಪ ಅರ್ಜಿ ಕೊಟ್ಟಿದ್ದರು, ಸಹಿ ಹೇಗೂ ಇತ್ತಲ್ಲ, ಹೆಸರು ತುಂಬಿ ಕೊಟ್ಟೆ ಎಂದ ಅವನು. ಹೇಳುತ್ತಾ ಹೇಳುತ್ತಾ ಅವನಿಗೇ ಅರ್ಥವಾಗಿ ಮುಖ ಸಣ್ಣದಾಯಿತು. ಮೇಡಂ ಅವನನ್ನು ಬೈಯಲಿಲ್ಲ. ಯಾವ ಬಾಯಲ್ಲಿ ಬೈದಾರು?

ದರ್ಜಿಯ ಅಂಗಡಿಗೆ ನಡೆದೇ ಹೋದರು. ದರ್ಜಿ ಹೊಲಿಗೆ ನಿಲ್ಲಿಸಿ ಎದ್ದು, ಇದ್ದ ಒಂದೇ ಕುರ್ಚಿಯನ್ನು ಒರೆಸಿಕೊಟ್ಟ. ಮೊನ್ನೆ ಭಾನುವಾರ ಮದುವೆ ಮುಗಿಯಿತು, ಒಳ್ಳೆಯ ಮನೆತನ, ನೀವು ಊರಲ್ಲಿರಲಿಲ್ಲ ಎಂದು ಕರೆಯಲಾಗಲಿಲ್ಲ ಎಂದು ಕೈಮುಗಿದ. ಅರ್ಜಿಯಲ್ಲಿ ಬೇರೆ ಕಾರಣ ಬರೆದಿದ್ದರೂ ಅವನ ಮುಖದಲ್ಲಿ ಕಪಟದ ಸುಳಿವೂ ಇರಲಿಲ್ಲ. ಅದನ್ನು ನೋಡಿ ಮೇಡಂಗೆ ಇನ್ನೂ ಸಂಕಟವಾಯಿತು. ಮಗಳ ಹೊಸ ಮನೆಯ ವಿಳಾಸವನ್ನು ಅವನೇ ಅಳತೆ ಚೀಟಿಯ ಹಿಂದೆ ಬರೆದುಕೊಟ್ಟ.

ಮನೆ ಊರಿನ ಇನ್ನೊಂದು ತುದಿಯಲ್ಲಿತ್ತು. ಎರಡನೆಯ ಮಹಡಿ, ಕಿರಿದಾದ ಮೆಟ್ಟಿಲು. ಬಾಗಿಲು ತೆಗೆದವಳು ಅವಳೇ. ಕೈಯಲ್ಲಿ ಒದ್ದೆ ಪಾತ್ರೆ. ಮೇಡಂ ಬಂದಿದ್ದಾರೆ ಎಂದು ಮುಖ ಅರಳಿತು. ಅತ್ತೆಗೆ ಪರಿಚಯ ಹೇಳಿದಳು. ಅತ್ತೆ ಒಳ್ಳೆಯವರೇ, ಮಾತಾಡಿಕೊಳ್ಳಲಿ ಎಂದು ಒಳಗೆ ಹೋದರು.

ಮೇಡಂ ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತುಗಳೆಲ್ಲ ಮರೆತುಹೋದವು. ಟಿ.ಸಿ. ರದ್ದು ಮಾಡಿಸುತ್ತೇನೆ, ಪರೀಕ್ಷೆಗೆ ಎರಡು ತಿಂಗಳಿದೆ, ಈ ಮನೆಯವರ ಹತ್ತಿರ ನಾನೇ ಮಾತಾಡುತ್ತೇನೆ ಎಂದು ಒಂದೇ ಉಸಿರಿಗೆ ಹೇಳಿಬಿಟ್ಟರು. ಹುಡುಗಿಗೆ ತಲೆಬುಡ ತಿಳಿಯಲಿಲ್ಲ.

"ಯಾಕೆ ಮೇಡಂ? ನೀವೇ ಸಹಿ ಹಾಕಿದ್ರಲ್ಲ."

"ನಿನ್ನನ್ನ ಕೇಳದೆ ನಾನು ಸಹಿ ಹಾಕ್ತೀನಾ? ಖಾಲಿ ಕಾಗದಕ್ಕೆ ಹಾಕಿಟ್ಟು ಹೋಗಿದ್ದೆ. ನಿನ್ನ ಹೆಸರು ನಾನು ನೋಡೇ ಇಲ್ಲ ಮಗು."

ಹುಡುಗಿಯ ಕೈಯ ಪಾತ್ರೆಯ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು, ಅವಳಿಗೆ ಗಮನವಿರಲಿಲ್ಲ.

"ಗುಮ್ಮ ಸಹಿ ಹಾಕಲ್ಲ, ಬೇಕಾದ್ರೆ ಹೋಗಿ ಕೇಳಿ ಅಂತ ಅಪ್ಪನ ಹತ್ರ ಪಂಥ ಕಟ್ಟಿದ್ದೆ," ಎಂದಳು. "ಹಾಕದಿದ್ರೆ ಓದು ಮುಗಿಯೋವರೆಗೂ ಮದುವೆ ಸುದ್ದಿ ಎತ್ತಲ್ಲ ಅಂತ ಅಪ್ಪನೂ ಮಾತು ಕೊಟ್ಟಿದ್ರು. ಅರ್ಧ ಗಂಟೇಲಿ ಕಾಗದ ತಂದ್ರು. ನೀವು ಊರಲ್ಲಿಲ್ಲ ಅಂತ ನನಗಾಗ ಗೊತ್ತಿರಲಿಲ್ಲ, ನಿಮ್ಮ ಸಹಿ ನೋಡಿದೆ. ಮೇಡಂ ಯೋಚನೆ ಮಾಡೇ ಹಾಕಿರ್ತಾರೆ, ನನಗೆ ಇದೇ ಒಳ್ಳೇದು ಅಂತ ಅವರಿಗೆ ಅನ್ಸಿರಬೇಕು ಅಂದ್ಕೊಂಡೆ. ಅದಕ್ಕೇ ಹೂಂ ಅಂದೆ."