ಮೂರನೇ ಪೈಪು

ರಂಜನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಂಜನಗೂಡಿನ ಅವಳ ಬೀದಿಯವರೆಲ್ಲ ಹೇಳುತ್ತಾರೆ. ಹೇಳುವವರಿಗೇನು? ಹತ್ತೊಂಬತ್ತು ವರ್ಷ ದಿನಾ ಬಸ್ಸು ಹಿಡಿದು ತಿ. ನರಸೀಪುರಕ್ಕೆ ಹೋಗಿ, ಎರಡು ಕೋಣೆಯ ವಿಜ್ಞಾನ ಭವನವನ್ನು ಒಬ್ಬರೇ ಕಾಯ್ದು ನೋಡಲಿ, ಆಮೇಲೆ ಮೂಗಿನ ಮಾತಾಡಲಿ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು. ಕಾಗದದ ಮೇಲೆ ಅವಳು ಮೇಲ್ವಿಚಾರಕಿ. ಆದರೆ ಬೀಗ ತೆಗೆಯುವವಳು, ಬಲ್ಬು ಬದಲಿಸುವವಳು, ಬನ್ನೂರಿನಿಂದ ಬಂದ ಹೈಸ್ಕೂಲು ಹುಡುಗರು ಅಸ್ಥಿಪಂಜರದ ಹಲ್ಲಿಗೆ ಬೀಡಿ ಸಿಕ್ಕಿಸಿ ಹೋದರೆ ಅದನ್ನು ಕಿತ್ತು ಬಿಸಾಡುವವಳು, ಎಲ್ಲ ಅವಳೇ. ಗುಡಿಸಿ ಒರೆಸುವುದಕ್ಕೆ ಮಾತ್ರ ಶಿವನಂಜಮ್ಮ ಇದ್ದಳು.

ಭವನವನ್ನು ಹೊಸದಾಗಿ ಮಾಡುವುದೆಂದು ಟ್ರಸ್ಟಿನವರು ತೀರ್ಮಾನಿಸಿದಾಗ ರಂಜನಿ ಹಬ್ಬ ಮಾಡಿದಳು. ಕನ್ನಡಿ ಮಾಸಿದ ಪೆರಿಸ್ಕೋಪು, ತುಕ್ಕು ಹಿಡಿದ ರಾಟೆ, ಗ್ರಹಗಳು ಇನ್ನೂ ಒಂಬತ್ತೇ ಎಂದು ಹಟ ಹಿಡಿದ ಬೋರ್ಡು, ಎಲ್ಲವನ್ನೂ ಹೊರಗೆ ಹಾಕಿಸಿದಳು. ನಡುಕೋಣೆಯಲ್ಲಿ, ತಾನು ಎಷ್ಟೋ ವರ್ಷದಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದ ಸಂಗಮದ ಮಾದರಿ ಕಟ್ಟಿಸಿದಳು. ಎಂಟು ಅಡಿ ಉದ್ದದ ಸಿಮೆಂಟಿನ ತೊಟ್ಟಿ. ಒಂದು ಪೈಪಿನಿಂದ ಕಾವೇರಿ, ತಿಳಿನೀರು. ಇನ್ನೊಂದರಿಂದ ಕಪಿಲೆ, ಕೆಮ್ಮಣ್ಣು ಕಲಸಿದ ನೀರು. ಎರಡೂ ಕೂಡಿದ ತಕ್ಷಣ ಬೆರೆಯುವುದಿಲ್ಲ. ಹೊಸದಾಗಿ ಮದುವೆಯಾದವರ ಹಾಗೆ ಸ್ವಲ್ಪ ದೂರ ಪಕ್ಕಪಕ್ಕದಲ್ಲೇ ಬೇರೆ ಬೇರೆಯಾಗಿ ಹರಿದು, ಆಮೇಲೆ ಒಂದಾಗುತ್ತವೆ. ಬೆರೆತ ನೀರನ್ನು ಕೊನೆಯಲ್ಲೊಂದು ಪಂಪು ಎಳೆದು ಹೊರಗಿನ ಗಿಡಗಳಿಗೆ ಬಿಡುತ್ತದೆ. ಗುರುಗ್ರಹದ ಉಪಗ್ರಹಗಳನ್ನು ಬಾಯಿಪಾಠ ಒಪ್ಪಿಸುವ ಮಕ್ಕಳು ತಮ್ಮೂರ ನದಿಯನ್ನು ಒಂದು ಸಲವಾದರೂ ನಿಂತು ನೋಡಲಿ ಎಂಬುದಷ್ಟೇ ಅವಳ ಆಸೆ.

ಮಾದರಿ ಶುರುವಾದ ಮೂರನೇ ದಿನವೇ ಪಂಪು ನಿಂತು, ನೀರು ತೊಟ್ಟಿ ಮೀರಿ ನೆಲವೆಲ್ಲ ಕೆಂಪಾಯಿತು. ಬಿಚ್ಚಿ ನೋಡಿದರೆ ಒಳಗೊಂದು ಕಣಗಿಲೆ ಹೂವು.

"ಶಿವನಂಜಮ್ಮ, ಇದು ಹೊಳೆ ಅಲ್ಲ, ಮಾದರಿ. ಇದಕ್ಕೆ ಹೂವು ಹಾಕಬಾರದು."

"ಆಯ್ತು ಕಣವ್ವ" ಎಂದಳು ಶಿವನಂಜಮ್ಮ. ವಾರ ಕಳೆಯುವುದರೊಳಗೆ ಮತ್ತೆ ಹೂವು. ರಂಜನಿ ಬೈದಳು, ಬೇಡಿಕೊಂಡಳು, ಬೋರ್ಡು ಹಾಕಿದಳು. ಶಿವನಂಜಮ್ಮ ಆ ಬೋರ್ಡನ್ನೂ ಚೊಕ್ಕಟವಾಗಿ ಒರೆಸಿದಳು. ಮೂರು ತಿಂಗಳಲ್ಲಿ ರಂಜನಿ ಪಂಪನ್ನು ಎಷ್ಟು ಸಲ ಬಿಚ್ಚಿದಳೋ, ಸ್ಕ್ರೂಗಳ ತಲೆಯೇ ಸವೆದುಹೋಯಿತು.

ಇದು ಸಾಲದೆಂಬಂತೆ ಟ್ರಸ್ಟಿನ ಅಧ್ಯಕ್ಷ ರವಿಚಂದ್ರ ಬಂದ. ಅಕ್ಕಿ ಗಿರಣಿಯ ಯಜಮಾನ, ಕೆಟ್ಟವನಲ್ಲ. ತೊಟ್ಟಿಯ ಸುತ್ತ ಎರಡು ಸುತ್ತು ಹಾಕಿ, ಪೈಪುಗಳ ಕಡೆ ಬೆರಳು ಮಾಡಿ, "ಒಂದು, ಎರಡು... ಇನ್ನೊಂದೆಲ್ರೀ ಮೇಡಂ?" ಎಂದ.

"ಇರೋದು ಎರಡೇ ನದಿ ಸರ್."

"ಅದೆಂಗಾಯ್ತದೆ? ಕಾವೇರಿ, ಕಪಿಲೆ, ಸ್ಫಟಿಕ ಸರೋವರ. ಮೂರಿಲ್ದೆ ಅದೆಂತ ತ್ರಿವೇಣಿ ಕಣ್ರೀ? ನಾಳೆ ಜನ ಕೇಳ್ತಾರೆ. ಒಂದು ಪೈಪು ತಾನೆ, ಆಕ್ಸಿಬುಡಿ."

ರಂಜನಿ ನಕ್ಷೆ ತಂದು ತೋರಿಸಿದಳು. ಮೇಲಿನಿಂದ ತೆಗೆದ ಚಿತ್ರ ತೋರಿಸಿದಳು. ನಂಬಿಕೆ ನದಿಯ ದಡದಲ್ಲಿರಲಿ, ಅದಕ್ಕೆ ತಾನು ಕೈಮುಗಿಯುತ್ತೇನೆ, ಆದರೆ ವಿಜ್ಞಾನ ಭವನದಲ್ಲಿ ಇಲ್ಲದ ನೀರನ್ನು ನಲ್ಲಿಯಿಂದ ಬಿಟ್ಟು ಮಕ್ಕಳಿಗೆ ನದಿ ಎನ್ನಲಾರೆ ಎಂದಳು. ಮೂರು ವಾರ ಹೇಳಿದಳು. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು. ರವಿಚಂದ್ರನದು ಒಂದೇ ಮಾತು: ಜನ ಕೇಳ್ತಾರೆ. ಕೊನೆಗೆ ಅವನೂ ಬೇಸತ್ತು, ಸೋಮವಾರದ ಸಭೆಯೊಳಗೆ ಮೂರನೇ ಪೈಪಿಗೆ ಒಪ್ಪಬೇಕು, ಇಲ್ಲದಿದ್ದರೆ ತೊಟ್ಟಿ ಒಡೆಸಿ ಆ ಜಾಗದಲ್ಲಿ ದೊಡ್ಡ ಟಿ.ವಿ. ಹಾಕಿಸುತ್ತೇನೆ ಎಂದುಬಿಟ್ಟ.

ಭಾನುವಾರ ರಂಜನಿ ಮನೆಯಲ್ಲಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದಳು. ತಂದೆ ಬದರೀನಾರಾಯಣ ಜಗಲಿಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದರು. ಸಂಗಮದಲ್ಲಿ ಮಿಂದವರಿಗೆ ಸಂಕಲ್ಪ ಹೇಳಿಸಿಯೇ ಮಗಳನ್ನು ಓದಿಸಿದ ಪುರೋಹಿತರು ಅವರು. ಈ ವಿಷಯವನ್ನು ಅವರೆದುರು ಎತ್ತುವುದಕ್ಕೇ ಅವಳಿಗೆ ಮುಜುಗರವಾಗಿತ್ತು. ಅವರೇ ಕೇಳಿದರು, ಅವಳು ಹೇಳಿದಳು.

"ನಲವತ್ತು ವರ್ಷ ಆ ನೀರಲ್ಲಿ ನಿಂತಿದೀನಿ ಕಣೆ" ಎಂದರು ಮುದುಕರು. "ಮೂರನೇದು ಗುಪ್ತಗಾಮಿನಿ ಅಂತ ಸಾವಿರ ಸಲ ಹೇಳಿದೀನಿ. ಗುಪ್ತವಾಗಿರೋದಕ್ಕೆ ಪೈಪು ಹಾಕಿ ತೋರಿಸಿದ್ರೆ ಅದು ಗುಪ್ತ ಹೇಗಾಗುತ್ತೆ? ನಿಮ್ಮ ಅಧ್ಯಕ್ಷನಿಗೆ ಅಷ್ಟೂ ಬುದ್ಧಿ ಬೇಡವೆ?"

ಸೋಮವಾರ ರಂಜನಿ ಅಪ್ಪ ಹೇಳಿದ್ದೆಂದೇ ಆ ಮಾತನ್ನು, ಕೊನೆಯ ಪ್ರಶ್ನೆಯೊಂದನ್ನು ಬಿಟ್ಟು, ಸಭೆಯಲ್ಲಿ ಹಾಗೆಯೇ ಆಡಿದಳು. ರವಿಚಂದ್ರ "ಅರೆ, ಹೌದಲ್ವ" ಎಂದು ತೊಡೆ ತಟ್ಟಿಕೊಂಡ. ಪೈಪು ಬೇಡವೆಂದಾಯಿತು, ತೊಟ್ಟಿ ಉಳಿಯಿತು. "ಮೂರನೆಯ ನದಿ ಕಣ್ಣಿಗೆ ಕಾಣುವುದಿಲ್ಲ" ಎಂದೊಂದು ಬೋರ್ಡು ಮಾತ್ರ ಇರಲಿ ಎಂದರು. ರಂಜನಿ ಒಪ್ಪಿದಳು. ಒಪ್ಪಿ ಹೊರಗೆ ಬಂದವಳಿಗೆ ಗೆದ್ದೆನೆಂದು ಖುಷಿಯಾಗಲಿಲ್ಲ, ಮೈಯೆಲ್ಲ ಉರಿಯಿತು. ಮೂರು ವಾರದ ನಕ್ಷೆ, ಲೆಕ್ಕ, ಚಿತ್ರ ಯಾವುದಕ್ಕೂ ಬಗ್ಗದವರು ಪುರೋಹಿತರ ಒಂದು ಮಾತಿಗೆ ಬಗ್ಗಿದ್ದರು. ತಾನು ಹತ್ತೊಂಬತ್ತು ವರ್ಷ ಇಲ್ಲಿ ಮಾಡಿದ್ದಾದರೂ ಏನು ಎಂದು ಬಸ್ಸಿನಲ್ಲಿ ಇಡೀ ದಾರಿ ಹಲ್ಲು ಕಚ್ಚಿಕೊಂಡು ಕೂತಿದ್ದಳು.

ಎರಡು ದಿನದಲ್ಲಿ ಬೋರ್ಡು ಬಂತು. ರಂಜನಿ ಅದನ್ನು ತೊಟ್ಟಿಯ ಮುಂದೆ ನಿಲ್ಲಿಸುತ್ತಿದ್ದಾಗ ಶಿವನಂಜಮ್ಮ ಒರೆಸುವ ಬಟ್ಟೆ ಹಿಡಿದು ಬಂದು ನಿಂತಳು.

"ಏನ್ ಬರ್ದವ್ರೆ ಇದ್ರಲ್ಲಿ?"

ರಂಜನಿ ಓದಿ ಹೇಳಿದಳು. ಶಿವನಂಜಮ್ಮ ತೊಟ್ಟಿಯನ್ನೂ ಬೋರ್ಡನ್ನೂ ನೋಡಿದಳು.

"ಕಾಣಾಕಿಲ್ಲ ಅಂದ್ರೆ ಅದೆಯೋ ಇಲ್ವೋ? ನೀವು ಓದ್ದೋರು, ನೀವೇ ಏಳಿ."

ಜನ ಕೇಳ್ತಾರೆ ಎಂದು ಮೂರು ವಾರ ಹೆದರಿಸಿದ್ದರು. ಕೊನೆಗೂ ಕೇಳಿದ್ದು ಈ ಒಬ್ಬಳು. ಬೋರ್ಡಿನ ಮಾತನ್ನೇ ಇನ್ನೊಮ್ಮೆ ಹೇಳಿ ನುಣುಚಿಕೊಳ್ಳಲು ರಂಜನಿಯ ನಾಲಿಗೆ ಏಳಲಿಲ್ಲ.

"ನಮ್ಮಪ್ಪ ಇದೆ ಅಂತಾರೆ ಶಿವನಂಜಮ್ಮ. ನಾನು ಹುಡುಕಿದ ಮಟ್ಟಿಗೆ ಇಲ್ಲ. ಇಲ್ಲಿ ಹರಿಯೋದು ಎರಡೇ."

"ಅದ್ನ ಮೊದ್ಲೇ ಏಳ್ಬಾರ್ದಾ!" ಶಿವನಂಜಮ್ಮನಿಗೇ ಸಿಟ್ಟು ಬಂದಿತ್ತು. "ದಿನಾ ಮೂರು ಊವ ತತ್ತಿದ್ದೆ. ಎರಡ್ನ ಪೈಪ್ ಮ್ಯಾಲೆ ಮಡಗಿ, ನೀವು ಈ ಕ್ವಾಣೆಗ್ ಬರೂಕ್ ಮುಂಚೆ ಎತ್ಕೋತಿದ್ದೆ. ಮೂರ್ನೇ ತಾಯ್ಗೆ ಜಾಗ್ವೇ ಇಲ್ವಲ್ಲ ಅಂತ ಅವ್ಳ ಊವ ನೀರಿಗ್ ಬುಡ್ತಿದ್ದೆ. ಆಕ್ಬ್ಯಾಡ ಆಕ್ಬ್ಯಾಡ ಅಂತ ಬೈತಿದ್ರಿ. ಇಲ್ಲ ಅಂತ ಒಂದಿನಾನಾದ್ರೂ ಏಳುದ್ರಾ?"

ಹೇಳಿರಲಿಲ್ಲ. ಅಧ್ಯಕ್ಷನಿಗೆ ಹೇಳಿದ್ದಳು, ಟ್ರಸ್ಟಿನವರಿಗೆಲ್ಲ ನಕ್ಷೆ ಬಿಡಿಸಿ ಹೇಳಿದ್ದಳು. ಪ್ರತಿದಿನ ತೊಟ್ಟಿಯ ಪಕ್ಕದಲ್ಲೇ ನಿಲ್ಲುತ್ತಿದ್ದವಳಿಗೆ ಬೈಗುಳ ಬಿಟ್ಟು ಇನ್ನೇನನ್ನೂ ಹೇಳಿರಲಿಲ್ಲ. ರಂಜನಿಗೆ ಈಗ ಬಂದ ಸಿಟ್ಟನ್ನು ತೀರಿಸಿಕೊಳ್ಳಲು ತನ್ನ ಹೊರತು ಬೇರೆ ಯಾರೂ ಸಿಗಲಿಲ್ಲ.

ಶಿವನಂಜಮ್ಮ ಮಡಿಲಿನಿಂದ ಮೂರು ಕಣಗಿಲೆ ಹೂವು ತೆಗೆದಳು. ಒಂದನ್ನು ಕಾವೇರಿಯ ಪೈಪಿನ ಮೇಲಿಟ್ಟಳು, ಒಂದನ್ನು ಕಪಿಲೆಯ ಪೈಪಿನ ಮೇಲಿಟ್ಟಳು. ಮೂರನೆಯದನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನೀರನ್ನೇ ನೋಡಿ, ತನ್ನ ತುರುಬಿಗೆ ಸಿಕ್ಕಿಸಿಕೊಂಡು ನೆಲ ಒರೆಸಲು ಹೋದಳು.