ಟಕ್ ಅಂದ ಮೇಲಿನ ಮೂರು ಲೀಟರ್

ಜೂನ್ 1, ರವಿವಾರ, ಸಂಜೆ 5 ಗಂಟೆ 20 ನಿಮಿಷ. ಅವ್ವ ತನ್ನ ಮಾಮೂಲಿ ಪಂಪಿಗೆ ಹೋಗಿ ಟ್ಯಾಂಕ್ ಫುಲ್ ಮಾಡಿಸಿಕೊಂಡು ಬಂದು ಕಾರನ್ನು ಅಂಗಳದಲ್ಲಿ ನಿಲ್ಲಿಸಿದಳು. ನಾನು ಬಗ್ಗಿ ಮೀಟರಿನ ಅಂಕಿಯನ್ನು ವಹಿಯಲ್ಲಿ ಬರೆದುಕೊಂಡೆ. ಸ್ಪರ್ಧೆ ಶುರುವಾಯಿತು.

ನಮ್ಮ ಮನೆ ಖಾನಾಪುರದಲ್ಲಿದೆ. ಅವ್ವ ಲೋಂಡಾ ರಸ್ತೆಯಲ್ಲಿ ಇಪ್ಪತ್ತೆರಡು ಕಿಲೋಮೀಟರ್ ದೂರದ ಒಂದು ಹಳ್ಳಿಯಲ್ಲಿ ಶಾಲಾ ಶಿಕ್ಷಕಿ. ನಾನು ಕೆಲಸ ಮಾಡುವುದು ಅದಕ್ಕೆ ತದ್ವಿರುದ್ಧ ದಿಕ್ಕಿನಲ್ಲಿ, ಬೆಳಗಾವಿಯ ಅಂಚಿನ ಮಚ್ಛೆಯಲ್ಲಿ, ಹದಿನೆಂಟು ಕಿಲೋಮೀಟರ್ ದೂರ. ಯಂತ್ರದ ಬಿಡಿಭಾಗ ತಯಾರಿಸುವ ಸಣ್ಣ ಕಾರ್ಖಾನೆ ಅದು. ಅಲ್ಲಿ ತಯಾರಾದ ಪ್ರತಿಯೊಂದು ತುಂಡನ್ನೂ ಅಳೆದು, ಮಿಲಿಮೀಟರಿನ ನೂರನೇ ಒಂದು ಭಾಗ ಹೆಚ್ಚು ಕಡಿಮೆಯಾದರೂ ಹಿಂದಕ್ಕೆ ಕಳಿಸುವುದು ನನ್ನ ಕೆಲಸ. ಈ ವಿವರ ಹೆಮ್ಮೆಗೆ ಹೇಳುತ್ತಿಲ್ಲ. ಮುಂದಿನದನ್ನು ಓದುವಾಗ ನೆನಪಿರಲಿ ಎಂದು ಹೇಳುತ್ತಿದ್ದೇನೆ.

ಕಾರು ಒಂದೇ, ನಾವಿಬ್ಬರು. ಬೆಳಗಾವಿಯಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಸಣ್ಣ ಪೆಟ್ರೋಲ್ ಕಾರು. ಅವ್ವ ಡ್ರೈವಿಂಗ್ ಕಲಿತದ್ದು ನಲವತ್ತೆಂಟನೆಯ ವಯಸ್ಸಿನಲ್ಲಿ. ಲೈಸೆನ್ಸ್ ಕೈಗೆ ಬಂದ ದಿನ ಅದನ್ನು ಓಣಿಯ ಏಳು ಮನೆಗಳಿಗೆ ಒಯ್ದು ತೋರಿಸಿದ್ದಳು. ಏಳು ಎಂಬುದು ನನ್ನ ವಹಿಯಲ್ಲಿದೆ. ಅಲ್ಲಿಂದ ನಾವು ಒಂದು ವಾರ ಅವಳು, ಒಂದು ವಾರ ನಾನು ಎಂದು ಕಾರು ಹಂಚಿಕೊಂಡಿದ್ದೆವು. ಆದರೆ ಮಳೆಗಾಲ ಬಂದಾಗ ಬಸ್ಸಿನ ವಾರ ಯಾರಿಗೂ ಬೇಡವಾಗುತ್ತದೆ. ಖಾನಾಪುರದ ಮಳೆಯಲ್ಲಿ ಛತ್ರಿ ಎಂಬುದು ಕೈಯಲ್ಲಿ ಹಿಡಿಯುವ ಒಂದು ವಸ್ತು ಅಷ್ಟೆ. ಒದ್ದೆಯಾಗುವುದನ್ನು ಅದು ತಪ್ಪಿಸುವುದಿಲ್ಲ.

ಆದ್ದರಿಂದ ಒಂದು ನ್ಯಾಯವಾದ ಉಪಾಯವನ್ನು ನಾನೇ ಮುಂದಿಟ್ಟೆ. ಜೂನ್ ತಿಂಗಳು ವಾರಕ್ಕೊಬ್ಬರಂತೆ ಎರಡೆರಡು ವಾರ ಇಬ್ಬರೂ ಓಡಿಸುವುದು. ಪ್ರತಿ ಶನಿವಾರ ಮನೆಗೆ ಬರುವ ದಾರಿಯಲ್ಲಿ ಸಿಗುವ ಪಂಪಿನಲ್ಲಿ ಟ್ಯಾಂಕ್ ಫುಲ್ ಮಾಡಿಸುವುದು. ಓಡಿದ ಕಿಲೋಮೀಟರನ್ನು ಹಾಕಿಸಿದ ಲೀಟರಿನಿಂದ ಭಾಗಿಸಿದರೆ ಯಾರು ಪೆಟ್ರೋಲ್ ಉಳಿಸುತ್ತಾರೆ ಎಂದು ತಿಳಿಯುತ್ತದೆ. ಹೆಚ್ಚು ಮೈಲೇಜ್ ಕೊಟ್ಟವರಿಗೆ ಮಳೆ ನಿಲ್ಲುವ ತನಕ ಕಾರು. ಸೋತವರಿಗೆ ಬಸ್ಸು.

ಅಪ್ಪನಿಗೆ ಹಿಟ್ಟಿನ ಗಿರಣಿ ಇದೆ. ಕಾರು ಓಡಿಸಲು ಬರುವುದಿಲ್ಲ, ಕಲಿಯುವ ಮನಸ್ಸೂ ಇಲ್ಲ. ಅವನು ರೊಟ್ಟಿ ಮುರಿಯುತ್ತ ಹೇಳಿದ.

"ಹೆಣ್ಮಕ್ಕಳಿಗೆ ಬಸ್ಸು ಪುಕ್ಕಟೆ ಐತಿ. ನೀವಿಬ್ಬರೂ ಹೆಣ್ಮಕ್ಕಳ. ಪೆಟ್ರೋಲ್ ಉಳಿಸಬೇಕಂದ್ರ ಇಬ್ಬರೂ ಬಸ್ಸಿಗಿ ಹೋಗ್ರಿ, ಪೂರಾ ಉಳಿತೈತಿ."

"ನಿಮಗ ತಿಳಿಯೂದಿಲ್ಲ, ಸುಮ್ಕ ಉಣ್ರಿ," ಎಂದಳು ಅವ್ವ. ಆ ತಿಂಗಳು ನಾನೂ ಅವ್ವನೂ ಒಮ್ಮತದಿಂದ ಒಪ್ಪಿದ ಮಾತು ಇದೊಂದೇ.

ನನ್ನ ವಾರ ಮೊದಲು ಬಂತು. ಪೆಟ್ರೋಲ್ ಉಳಿಸುವ ಬಗ್ಗೆ ಓದಿದ್ದನ್ನೆಲ್ಲ ಜಾರಿಗೆ ತಂದೆ. ಟೈರಿನ ಗಾಳಿ ಸರಿ ಮಾಡಿಸಿದೆ. ಡಿಕ್ಕಿಯಲ್ಲಿದ್ದ ಅವ್ವನ ಸಾಮಾನೆಲ್ಲ ಇಳಿಸಿದೆ: ನಕಾಶೆಗಳ ಸುರುಳಿ, ಎರಡು ಚಾಪೆ, ಶಾಲೆ ಮಕ್ಕಳು ಕುಣಿಯುತ್ತ ಬಾರಿಸುವ ಲೆಜಿಮಿನ ಒಂದು ಚೀಲ. ತೂಗಿದೆ, ಒಂಬತ್ತೂವರೆ ಕಿಲೋ. ಎಸಿ ಹಾಕಲಿಲ್ಲ. ಐವತ್ತರ ವೇಗ ದಾಟಲಿಲ್ಲ. ನನ್ನ ಹಿಂದೆ ಬಂದ ಲಾರಿಯವರು ಹಾರ್ನ್ ಬಾರಿಸಿದ್ದನ್ನು ಎಣಿಸಿ ಬಿಟ್ಟುಬಿಟ್ಟೆ. ಇಳಿಜಾರು ಕಂಡರೆ ನ್ಯೂಟ್ರಲ್‌ಗೆ ಹಾಕಿ ಗಾಡಿಯನ್ನು ತಾನಾಗಿ ಉರುಳಲು ಬಿಟ್ಟೆ. ಮಂಗಳವಾರ ಬಾಜೂಮನೆಯ ಕಾಕೂ ಮಚ್ಛೆಯ ತನಕ ಬರುತ್ತೇನೆ ಎಂದಾಗ, ಅವರ ತೂಕವನ್ನು ಅಂದಾಜಿಸಿ, ಇವತ್ತು ಬೇರೆ ಕಡೆ ಹೋಗಬೇಕಾಗಿದೆ ಎಂದು ಸುಳ್ಳು ಹೇಳಿದೆ. ವಿಜ್ಞಾನಕ್ಕಾಗಿ ಹೇಳಿದ ಸುಳ್ಳು.

ಶನಿವಾರ ಸಂಜೆ ಊರಿನ ಈಚೆಗಿರುವ ಹೆದ್ದಾರಿ ಪಂಪಿನಲ್ಲಿ ನಿಂತು, ಕೆಳಗಿಳಿದು, ಪೆಟ್ರೋಲ್ ಹಾಕುವ ಹುಡುಗಿಗೆ ಸ್ಪಷ್ಟವಾಗಿ ಹೇಳಿದೆ: ಟ್ಯಾಂಕ್ ತುಂಬಿ ಪೈಪಿನ ಗನ್ ತಾನಾಗಿ ಟಕ್ ಅಂದ ಕೂಡಲೇ ನಿಲ್ಲಿಸಬೇಕು, ಆಮೇಲೆ ಒಂದು ಹನಿಯೂ ಬೇಡ. 216 ಕಿಲೋಮೀಟರಿಗೆ 9 ಲೀಟರ್ ಹಿಡಿಯಿತು. ಲೀಟರಿಗೆ 24.

ಕಾರು ಮಾಡಿದ ಕಂಪನಿಯವರ ಪುಸ್ತಿಕೆಯಲ್ಲೇ 22 ಎಂದಿತ್ತು. ಕಾರ್ಖಾನೆಯಲ್ಲಿ ಇಂಥ ಅಂಕಿ ಬಂದರೆ ನಾನು ಮೊದಲು ಅನುಮಾನಿಸುವುದು ಅಳೆಯುವ ಉಪಕರಣವನ್ನು. ಮನೆಯಲ್ಲಿ ನನಗೆ ನನ್ನ ಪ್ರತಿಭೆಯ ಮೇಲೆ ನಂಬಿಕೆ ಬಂತು.

ಮುಂದಿನ ವಾರ ಅವ್ವನದು. ಅವಳ ಗಾಡಿಯಲ್ಲಿ ದಿನಾ ಶಾಲೆಯ ಬಿಸಿಯೂಟದ ಅಡುಗೆಯಾಕೆ ಬರುತ್ತಿದ್ದಳು, ಅವಳ ಜೊತೆ ಕಾಯಿಪಲ್ಲೆಯ ಚೀಲ, ದಾರಿಯಲ್ಲಿ ಕೈ ಮಾಡಿದವರು ಬೇರೆ. ಇಳಿಸಿದ ನಕಾಶೆ, ಚಾಪೆ, ಲೆಜಿಮು ಮತ್ತೆ ಡಿಕ್ಕಿ ಹತ್ತಿದವು. ಶನಿವಾರ ಅವಳು ಲೋಂಡಾ ಕಡೆಯ ಪಂಪಿನ ಚೀಟಿ ತಂದು ಕೊಟ್ಟಳು: 264 ಕಿಲೋಮೀಟರ್, 16.75 ಲೀಟರ್. ಭಾಗಿಸಿದೆ. 15.8.

"ಅಷ್ಟ ಏನು?" ಎಂದಳು ಅವ್ವ. ಮುಖ ಸಣ್ಣದಾಗಿತ್ತು.

"ಅಷ್ಟ."

"ಇನ್ನೊಮ್ಮಿ ಭಾಗಿಸ."

ಇನ್ನೊಮ್ಮೆ ಭಾಗಿಸಿದೆ. ಅಂಕಿಗಳಿಗೆ ದಾಕ್ಷಿಣ್ಯವಿಲ್ಲ ಎಂದು ಹೇಳಿ, ಆ ವಾಕ್ಯ ನನಗೆ ಚಂದ ಕಂಡಿದ್ದರಿಂದ ವಹಿಯಲ್ಲೂ ಬರೆದಿಟ್ಟೆ.

ಎರಡನೆಯ ಸುತ್ತಿನಲ್ಲಿ ಅವ್ವ ಬಹಳ ಪ್ರಯತ್ನ ಮಾಡಿದಳು. ಕೈ ಮಾಡಿದವರನ್ನು ಹತ್ತಿಸಿಕೊಳ್ಳಲಿಲ್ಲ. ಅಡುಗೆಯಾಕೆಯನ್ನು ಮಾತ್ರ ಬಿಡಲಾಗಲಿಲ್ಲ. ಉಸಿರು ಬಿಗಿಹಿಡಿದು ಓಡಿಸಿದೆ ಎಂದಳು. ಆದರೂ ಅದೇ 15.8. ನನ್ನದು ಅದೇ 24. ಜೂನ್ 29ರ ಬೆಳಿಗ್ಗೆ 8 ಗಂಟೆಗೆ ಅವ್ವ ಕೀಯನ್ನು ನನ್ನ ತಾಟಿನ ಪಕ್ಕ ಇಟ್ಟಳು. ಅಪ್ಪ ಇಬ್ಬರ ಮುಖವನ್ನೂ ನೋಡಿ, ಉಪ್ಪಿಟ್ಟಿಗೆ ಉಪ್ಪು ಕಡಿಮೆಯಾಗಿದೆ ಎಂದ. ಅದು ಕಡಿಮೆಯಾಗಿರಲಿಲ್ಲ.

ಜುಲೈನಲ್ಲಿ ಮಳೆ ಹಿಡಿಯಿತು. ಅವ್ವ ಏಳೂಕಾಲರ ಬಸ್ಸಿಗೆ ಏಳಕ್ಕೇ ಹೋಗಿ ನಿಲ್ಲುತ್ತಿದ್ದಳು. ಅಡುಗೆಯಾಕೆಯೂ ಚೀಲ ಹೊತ್ತು ಅವಳ ಪಕ್ಕದಲ್ಲಿ ನಿಲ್ಲುತ್ತಿದ್ದಳು. ನಾನು ಏಳೂವರೆಗೆ ಕಾರಿನಲ್ಲಿ ಬಸ್ ಸ್ಟ್ಯಾಂಡಿನ ಮುಂದಿನಿಂದಲೇ ಹಾಯುತ್ತಿದ್ದೆ. ಅಷ್ಟರಲ್ಲಿ ಬಸ್ಸು ಹೋಗಿದ್ದರೆ ಒಳ್ಳೆಯದೆನಿಸುತ್ತಿತ್ತು. ಹನ್ನೆರಡು ದಿನಗಳಲ್ಲಿ ಐದು ದಿನ ಹೋಗಿರಲಿಲ್ಲ.

ಆದರೆ ನನಗೆ ಚುಚ್ಚಿದ್ದು ಮಳೆಯಲ್ಲ. ಜುಲೈ 13, ರವಿವಾರ, ಬೆಳಗಾವಿಯ ಶಹಾಪುರದಲ್ಲಿ ನಮ್ಮ ಚಿಕ್ಕವ್ವನ ಮೊಮ್ಮಗನ ಹೆಸರಿಡುವ ಕಾರ್ಯ. ಶಹಾಪುರಕ್ಕೆ ಹೋಗುವಾಗ ಸ್ಟೇರಿಂಗ್ ಯಾವಾಗಲೂ ಅವ್ವನದೇ. ಮಗ್ಗದ ಸಪ್ಪಳದ ಆ ಸಣ್ಣ ಓಣಿಗಳಲ್ಲಿ, ಎರಡೂ ಬದಿಯ ಸೈಕಲ್ಲುಗಳ ನಡುವೆ ಗಾಡಿಯನ್ನು ನುಸುಳಿಸಿ, ಚಿಕ್ಕವ್ವನ ಮನೆಯ ಮುಂದೆ ಹಾರ್ನ್ ಬಾರಿಸಿ ಇಳಿಯುವುದು ಅವಳ ಸಂಭ್ರಮ. ಆ ದಿನ ಅವಳು ಬಾಗಿಲು ತೆಗೆದು ಸುಮ್ಮನೆ ಎಡಗಡೆಯ ಸೀಟಿನಲ್ಲಿ ಕೂತಳು. ತೊಡೆಯ ಮೇಲೆ ಉಂಡಿಯ ಡಬ್ಬಿ.

"ಅವ್ವ, ನೀ ಹೊಡಿಯವಲ್ಲಿ?"

"ಬ್ಯಾಡ. ನಾ ಹೊಡದ್ರ ಪೆಟ್ರೋಲ್ ಕುಡಿತೈತಿ."

ಚಿಕ್ಕವ್ವ ಹೊರಗೆ ಬಂದು ನೋಡಿ, "ಯಾಕ ಬಾಯಾರ, ಡ್ರೈವರ್ ಇಟ್ಟೀರಿ?" ಎಂದು ನಕ್ಕಳು. ಶಿಕ್ಷಕಿಯರನ್ನು ನಮ್ಮ ಕಡೆ ಬಾಯಾರು ಎನ್ನುತ್ತಾರೆ; ಚಿಕ್ಕವ್ವ ಚೇಷ್ಟೆಗೆ ಹಾಗೆ ಕರೆಯುತ್ತಾಳೆ. ಅವ್ವ ನಗಲಿಲ್ಲ. "ನನಗ ಗಾಡಿ ಹೊಡ್ಯಾಕ ಬರೂದಿಲ್ಲ ಬಿಡ. ಲೆಕ್ಕ ಹಾಕಿ ತೋರಿಸ್ಯಾಳ ನನ್ನ ಮಗಳ," ಎಂದು ಒಳಗೆ ಹೋದಳು.

ಇದರ ನಡುವೆ ಒಂದು ವಿಚಿತ್ರ ನಡೆದಿತ್ತು. ಜುಲೈ 12ರ ಶನಿವಾರ ನನ್ನ ಅಂಕಿ 24ರಿಂದ ಒಮ್ಮೆಲೇ 18ಕ್ಕೆ ಬಿದ್ದಿತ್ತು. ಅದೇ ರಸ್ತೆ, ಅದೇ ಐವತ್ತರ ವೇಗ, ಅದೇ ಟಕ್. ಮಳೆಗೆ ಹೀಗಾಗಿರಬಹುದು ಎಂದುಕೊಂಡೆ. ಗಾಳಿ ನೋಡಿಸಿದೆ, ಪ್ಲಗ್ ತೊಳೆಸಿದೆ. ನನ್ನ ಅಂಕಿ ಬಿದ್ದರೆ ಕಾರಣ ಹುಡುಕಬೇಕು, ಅವ್ವನ ಅಂಕಿ ಬಿದ್ದರೆ ಅವ್ವನೇ ಕಾರಣ ಎಂಬುದು ಆಗ ನನ್ನ ವಿಧಾನವಾಗಿತ್ತು.

ಜುಲೈ 19, ಶನಿವಾರ, ಸಂಜೆ 6 ಗಂಟೆ 35 ನಿಮಿಷ. ಹೆದ್ದಾರಿ ಪಂಪಿನಲ್ಲಿ ಪೆಟ್ರೋಲ್ ಖಾಲಿ ಎಂಬ ಬೋರ್ಡು. ವಿಧಿಯಿಲ್ಲದೆ ಊರು ದಾಟಿ, ಅವ್ವ ಹೋಗುತ್ತಿದ್ದ ಲೋಂಡಾ ಕಡೆಯ ಪಂಪಿಗೆ ಹೋದೆ. ಪೆಟ್ರೋಲ್ ಹಾಕುವವನು ಮೂವತ್ತರ ಆಸುಪಾಸಿನವನು. ಕಾರು ಕಂಡವನೇ ಓಡಿ ಬಂದ. ನನ್ನನ್ನು ನೋಡಿ ಅವನ ಮುಖ ಇಳಿಯಿತು.

"ಬಾಯಾರು ಎಲ್ಲ್ರಿ? ಮೂರು ವಾರ ಆತು ಬಂದಿಲ್ಲ. ಆರಾಮ ಅದಾರಿಲ್ರಿ?"

"ಆರಾಮ ಅದಾರ. ನಾ ಅವರ ಮಗಳ. ಫುಲ್ ಮಾಡ್ರಿ, ಟಕ್ ಅಂದ್ರ ಸಾಕ."

ಮಳೆ ಜೋರಾಗಿತ್ತು, ನಾನು ಮೀಟರಿನ ಪಕ್ಕ ನಿಂತೆ. 15.4ಕ್ಕೆ ಟಕ್ ಎಂದಿತು. ನಾನು ಬರೆದುಕೊಂಡೆ. ಅವನು ಗನ್ ತೆಗೆಯಲಿಲ್ಲ. ಹಿಂದಿನ ಬೈಕಿನವನು ಮುಂದೆ ಸರಿಯಲು ನೋಡಿದಾಗ, "ಥಾಂಬ ರೇ," ಎಂದು ಮರಾಠಿಯಲ್ಲಿ ಗದರಿ ನಿಲ್ಲಿಸಿ, ಒಂದು ಕೈಯಿಂದ ಗಾಡಿಯ ಬದಿಯನ್ನು ತೊಟ್ಟಿಲು ತೂಗಿದಂತೆ ಅಲ್ಲಾಡಿಸಿ, ಮತ್ತೆ ಸ್ವಲ್ಪ ಬಿಟ್ಟ. ಮತ್ತೆ ಅಲ್ಲಾಡಿಸಿದ. ಮತ್ತೆ ಬಿಟ್ಟ.

"ಸಾಕ್ರಿ! ಟಕ್ ಅಂದೈತಲ್ಲ!"

"ಏ ಅಕ್ಕಾ, ಅದು ಮಂದಿ ಗಾಡಿಗಿ. ಒಳಗ ಗಾಳಿ ಕುಂತಿರ್ತೈತ್ರಿ, ಅದು ಹೋದ್ರ ಇನ್ನ ಹಿಡಿತೈತಿ. ಖರೇ ಹೇಳ್ತೀನಿ, ಬಾಯಾರ ಗಾಡಿ ನಾ ಎಂದೂ ಕಮ್ಮಿ ತುಂಬಿ ಕಳಿಸಿಲ್ಲ. ಅವರ ಕೈಯಾಗ ಕಲತಾಂವ ನಾ. ಹದಿನೇಳರ ಮಗ್ಗಿ ಈಗೂ ಹೇಳ್ತೀನಿ, ಕೇಳ್ರಿ ಬೇಕಾದ್ರ."

ಮಳೆಯಲ್ಲಿ ನಿಂತು ಹದಿನೇಳರ ಮಗ್ಗಿಯನ್ನು ಹದಿನೇಳು ಹತ್ತಲೇ ತನಕ ಹೇಳಿದ. ತಪ್ಪಿಲ್ಲದೆ. ಮೀಟರು 18.4ರಲ್ಲಿ ನಿಂತಿತ್ತು. ಪೆಟ್ರೋಲು ಬಾಯಿಯ ಅಂಚಿನಲ್ಲಿ ಹೊಳೆಯುತ್ತಿತ್ತು.

ಟಕ್ ಅಂದ ಮೇಲೆ ಮೂರು ಲೀಟರ್.

ಸೀಟಿನಲ್ಲಿ ಕೂತು ವಹಿ ತೆಗೆದೆ. ಶಹಾಪುರಕ್ಕೆ ಹೋಗಿ ಬಂದದ್ದೂ ಸೇರಿ ಆ ವಾರ ಓಡಿದ್ದು 278 ಕಿಲೋಮೀಟರ್, 18.4ರಿಂದ ಭಾಗಿಸಿದರೆ 15.1. ಅವ್ವನಿಗಿಂತ ಕಡಿಮೆ. ಆಗ ಎಲ್ಲವೂ ಸಾಲಾಗಿ ಕಂಡಿತು. ಅವ್ವ ಪ್ರತಿ ಸಲ ಈ ಶಿಷ್ಯನ ಕೈಯಿಂದ ಕಂಠಮಟ್ಟ ತುಂಬಿಸಿ ಬರುತ್ತಿದ್ದಳು. ಆ ಮೂರು ಲೀಟರು ಅವಳ ಚೀಟಿಯಲ್ಲಿ ಸೇರುತ್ತಿತ್ತು. ಅದನ್ನು ಸುಡುತ್ತಿದ್ದವಳು ಮುಂದಿನ ವಾರ ನಾನು. ನಾನು ಟಕ್ ಅಂದಲ್ಲಿಗೆ ನಿಲ್ಲಿಸಿ, ಮೂರು ಲೀಟರ್ ಖಾಲಿ ಜಾಗವನ್ನು ಅವ್ವನಿಗೆ ದಾಟಿಸುತ್ತಿದ್ದೆ. ಅವಳು ಅದನ್ನು ಮತ್ತೆ ತುಂಬಿಸುತ್ತಿದ್ದಳು. ಎರಡು ಫುಲ್ಲುಗಳು ಒಂದೇ ಅಲ್ಲ ಎಂಬುದು ಅಳತೆಯನ್ನೇ ಕಸುಬು ಮಾಡಿಕೊಂಡ ನನಗೆ ಹೊಳೆದಿರಲಿಲ್ಲ.

ಮೂರು ಲೀಟರನ್ನು ನನ್ನ ಜೂನಿನ ಲೆಕ್ಕಕ್ಕೆ ಕೂಡಿಸಿ, ಅವ್ವನದರಿಂದ ಕಳೆದೆ. ನಾನು 18; ಅವ್ವ ತುಂಬಿಸಿದ ಹೆಚ್ಚಿನ ಮೂರು ಲೀಟರು ತೀರಿದ ಮೇಲೆ ಜುಲೈ 12ಕ್ಕೆ ಬಂದದ್ದೂ ಅದೇ. ಅವ್ವ 19.2.

ತಕ್ಷಣ ಮನೆಗೆ ಹೋಗಿ ಹೇಳಿದೆ ಎಂದು ಬರೆಯಬೇಕೆಂದಿದೆ, ಆದರೆ ವಹಿಯಲ್ಲಿ ಹಾಗಿಲ್ಲ. ಲೆಕ್ಕವನ್ನು ಇನ್ನೊಮ್ಮೆ ಪರಿಶೀಲಿಸಬೇಕು ಎಂದು ಐದು ದಿನ ತೆಗೆದುಕೊಂಡೆ. ಐದೂ ದಿನ ಭಾರೀ ಮಳೆ. ಐದೂ ದಿನ ಲೆಕ್ಕ ಅದೇ ಬಂತು.

ಜುಲೈ 24, ಗುರುವಾರ, ಸಂಜೆ 7 ಗಂಟೆ. ಅವ್ವ ಸೀರೆಯ ಅಂಚು ಹಿಂಡುತ್ತ ಒಳಗೆ ಬಂದು ಅಪ್ಪನಿಗೆ, "ನಮ್ಮ ಸಾಲಿ ಹೊಸಾ ಬಾಯಾರು ಕಾರ್ ಕಲಿಬೇಕಂತಾರ. ನನ್ನ ಕೇಳಿದ್ರು. ನನಗೇನ ಕೇಳ್ತೀರಿ, ನನಗ ಬರೂದಿಲ್ಲ ಅಂದ್ನಿ," ಎಂದಳು.

ನಾನು ವಹಿ ತಂದು ಅವಳ ಮುಂದೆ ಇಟ್ಟು ಹೇಳಿದೆ. ಪಂಪಿನವನ ಮಗ್ಗಿಯ ಸಮೇತ.

ಅವ್ವ ಕನ್ನಡಕ ಹಾಕಿಕೊಂಡು ಪುಟ ನೋಡಿದಳು. "ಹಿಂಗ ಒಮ್ಮೆಲೇ ಉತ್ತರ ಬರದ್ರ ನಾ ಮಾರ್ಕ್ಸ್ ಕೊಡೂದಿಲ್ಲ. ಹಂತ ಹಂತ ಬಿಡಿಸಿ ಬರಿ." ಬರೆದೆ. ಅವಳು ಪ್ರತಿ ಸಾಲಿನ ಮೇಲೂ ಬೆರಳಿಟ್ಟು ನೋಡಿ, ಕೊನೆಯ ತಾರೀಖಿನ ಹತ್ತಿರ ನಿಂತಳು.

"ಹತ್ತೊಂಬತ್ತನೇ ತಾರೀಖಿಗಿ ಗೊತ್ತಾಗೈತಿ. ಇವತ್ತ ಇಪ್ಪತ್ನಾಕು."

"ಹೌದು."

"ಐದ ದಿನ. ರವಿವಾರ ಬಿಟ್ರ ನಾಕ ದಿನ ನಾ ತೋಯಿಸಿಕೊಂಡೀನಿ."

ಅಪ್ಪ, "ಅಂಕಿಗಿ ದಾಕ್ಷಿಣ್ಯ ಇಲ್ಲ ಅಂತಿದ್ದಿ ಅಲ್ಲ? ಅಂಕಿಗಿ ಇಲ್ಲ ಖರೇ," ಎಂದು ಗಿರಣಿಗೆ ಎದ್ದು ಹೋದ.

"ಕೀ ಕೊಡ," ಎಂದಳು ಅವ್ವ.

ಶಿಷ್ಯನಿಗೆ ಇನ್ನು ಮೇಲೆ ಹಾಗೆ ತುಂಬಬೇಡ ಎಂದು ಹೇಳೋಣವೇ, ಟಕ್ ಅಂದ ಮೇಲೆ ತುಂಬುವುದು ಗಾಡಿಗೂ ಒಳ್ಳೆಯದಲ್ಲವಂತೆ ಎಂದೆ. ಹೇಳುವುದು ಹೇಗೆ ಎಂದು ಅವಳಿಗೆ ತಿಳಿಯಲಿಲ್ಲ; ಅವನ ಮನಸ್ಸಿಗೆ ಬೇಸರವಾಗುತ್ತದೆ ಎಂದಳು. ಕಡೆಗೆ ಶನಿವಾರ ಅವಳೇ ಹೋಗಿ, ಪೆಟ್ರೋಲ್ ವಾಸನೆಗೆ ತಲೆನೋವು ಬರುತ್ತದೆ, ಟಕ್ ಅಂದಲ್ಲಿಗೆ ಬಿಡಪ್ಪಾ ಎಂದು ಹೇಳಿ ಬಂದಳಂತೆ. ಅವನು ಒಪ್ಪಿದ್ದಾನೆ. ಬದಲಿಗೆ ಈಗ ನಾಲ್ಕೂ ಗಾಜು ಒರೆಸಿ ಕಳಿಸುತ್ತಾನೆ.

ಈಗ ಕಾರು ಅವ್ವನದು, ಏಳೂವರೆಯ ಬಸ್ಸು ನನ್ನದು. ಹೊಸ ಬಾಯಾರು ರವಿವಾರ ಅವ್ವನ ಪಕ್ಕ ಕೂತು ಗೇರು ಕಲಿಯುತ್ತಿದ್ದಾರೆ. ಆಗಸ್ಟ್ 3ರಂದು ನಾನೂ ಹಿಂದಿನ ಸೀಟಿನಲ್ಲಿ ಕೂತು ಅವ್ವ ಓಡಿಸುವುದನ್ನು ಗಮನಿಸಿದೆ. ಎಮ್ಮೆ ಅಡ್ಡ ಬರಬಹುದೆಂಬ ಭಯಕ್ಕೆ ಅವಳು ಪ್ರತಿ ತಿರುವಿಗೂ ಬಹಳ ಮೊದಲೇ ಆಕ್ಸಿಲರೇಟರಿನಿಂದ ಕಾಲು ಎತ್ತುತ್ತಾಳೆ. ಬ್ರೇಕು ಒತ್ತುವುದು ತೀರ ಕಡಿಮೆ. ಇಳಿಜಾರಿನಲ್ಲಿ ನನ್ನಂತೆ ನ್ಯೂಟ್ರಲ್ ಮಾಡುವುದಿಲ್ಲ. ಗೇರಿನಲ್ಲೇ ಬಿಟ್ಟು ಸುಮ್ಮನೆ ಕೂರುತ್ತಾಳೆ. ಇದರಿಂದಲೇ 19.2 ಬಂತೋ, ಅಥವಾ ಕಾಡಿನ ಆ ರಸ್ತೆಯಲ್ಲಿ ನಿಲ್ಲಬೇಕಾದ ಜಾಗಗಳೇ ಕಡಿಮೆಯೋ, ನನಗೆ ಗೊತ್ತಿಲ್ಲ. ಶಹಾಪುರದ ಒಬ್ಬ ಮೆಕ್ಯಾನಿಕ್, ಈಗಿನ ಗಾಡಿಗಳು ಗೇರಿನಲ್ಲಿ ಉರುಳುವಾಗ ಪೆಟ್ರೋಲನ್ನೇ ತೆಗೆದುಕೊಳ್ಳುವುದಿಲ್ಲ, ನ್ಯೂಟ್ರಲಿನಲ್ಲಿ ತೆಗೆದುಕೊಳ್ಳುತ್ತವೆ ಎನ್ನುತ್ತಾನೆ. ನಮ್ಮ ಕಾರ್ಖಾನೆಯ ಹಿರಿಯ ಫಿಟ್ಟರ್ ಅದನ್ನು ಒಪ್ಪುವುದಿಲ್ಲ. ಈ ಎರಡನ್ನೂ ಒಂದೇ ರಸ್ತೆಯಲ್ಲಿ, ಒಂದೇ ಪಂಪಿನಲ್ಲಿ ತುಂಬಿಸಿ ಅಳೆದು ನೋಡಿದವರು ಯಾರಾದರೂ ಇದ್ದರೆ ದಯವಿಟ್ಟು ನನಗೆ ಬರೆಯಿರಿ. ಉತ್ತರದ ಜೊತೆ ಹಂತಗಳನ್ನೂ ಬರೆಯಿರಿ, ಅವ್ವ ನೋಡುತ್ತಾಳೆ.