ಅಂದಪ್ಪನ ಲಿವರಿನ ಚೂರು

ನನ್ನ ತಮ್ಮ ಅಂದಪ್ಪ ಇಳಕಲ್ಲಿನ ನೇಕಾರ. ಕೊರಳಲ್ಲಿ ಲಿಂಗ, ಬಾಯಲ್ಲಿ ನಗೆ, ಚಹಾ ಬಿಟ್ಟರೆ ಬೇರೆ ಚಟವಿಲ್ಲ. ಮಗ್ಗದಲ್ಲಿ ಕೂತಲ್ಲಿಂದಲೇ ಓಣಿಯಲ್ಲಿ ಹೋಗಿಬರುವವರನ್ನೆಲ್ಲ ಕೆಣಕುತ್ತಿದ್ದ. ನಾನು ಹುನಗುಂದದಿಂದ ತವರಿಗೆ ಬಂದರೆ, "ಬಂದ್ಳಪಾ ನಮ್ಮ ಫೌಜದಾರ, ಎಲ್ಲಾರೂ ಎದ್ದ ನಿಲ್ರಿ!" ಎಂದು ಕೂಗುತ್ತಿದ್ದ.

2006ರ ಬೇಸಿಗೆಯಲ್ಲಿ ಅವನ ಹೊಟ್ಟೆ ಉಬ್ಬಿತು, ಕಣ್ಣು ಹಳದಿಯಾದವು. ಎಲುಬಿಲ್ಲದ ನಾಲಿಗೆ ನೋಡಿ, ಊರು ಸುಮ್ಮನಿದ್ದೀತೇ? ಕದ್ದು ಕುಡಿಯುತ್ತಾನೆ ಎಂದಿತು. ಅವನ ಹೆಂಡತಿ ಶಿವಬಸವ್ವ ಸಹ ಅವನ ಬಾಯಿ ಮೂಸಿ ನೋಡಿದಳು. ಅದಕ್ಕೂ ಆ ಹುಚ್ಚಪ್ಪ ನಕ್ಕ.

ಬಾಗಲಕೋಟೆಯಲ್ಲಿ ಸ್ಕ್ಯಾನ್ ಮಾಡಿ, ಲಿವರಿನಲ್ಲಿ ಗಡ್ಡೆಯಿದೆ ಎಂದು ಹುಬ್ಬಳ್ಳಿಗೆ ಕಳಿಸಿದರು. ಅಲ್ಲಿಯ ಡಾಕ್ಟರು ಸೂಜಿ ಹಾಕಿ ಗಡ್ಡೆಯ ಚೂರು ತೆಗೆದು ಮುಂಬೈಯ ಲ್ಯಾಬಿಗೆ ಕಳಿಸಿದರು. ಅದರ ಜೀನುಗಳಲ್ಲಿ ಏನು ಕೆಟ್ಟಿದೆ ಎಂದು ಅಲ್ಲಿ ನೋಡುತ್ತಾರಂತೆ. ಅದು ತಿಳಿದರೆ ತಮ್ಮನಿಗೆ ಯಾವುದಾದರೂ ಔಷಧ ಸಿಕ್ಕೀತು ಎಂದು ನಾವು ಜೀವ ಹಿಡಿದುಕೊಂಡಿದ್ದೆವು.

ಹಿರಿಯಣ್ಣ ನಾಗಲಿಂಗ ಮಾತ್ರ ಒಂದು ಸಲವೂ ಜೊತೆಗೆ ಬರಲಿಲ್ಲ. ನೂಲು ತರುತ್ತೇನೆ ಎಂದು ವರ್ಷಕ್ಕೆ ಎರಡು ಮೂರು ಸಲ ಹುಬ್ಬಳ್ಳಿಗೆ ಹೋಗುತ್ತಿದ್ದವನು ಅವನು. ಆಗೆಲ್ಲ ಅವನ ಚೀಲ ಹೊತ್ತು ಬಸ್ ಸ್ಟ್ಯಾಂಡಿನವರೆಗೆ ಬಿಟ್ಟು ಬರುತ್ತಿದ್ದವನು ಇದೇ ಅಂದಪ್ಪ. ಈಗ ಕೇಳಿದರೆ, "ಮಗ್ಗ ನಿಂತಾವು, ನೀವ ಹೋಗ್ರಿ" ಎನ್ನುತ್ತಿದ್ದ. ವರದಿ ಬಂದ ದಿನ ನಾನು ಬಿಡಲಿಲ್ಲ. "ಹಿರೇ ಮನಷ್ಯಾ ನೀ, ಹೆಂಗಸರ ಮ್ಯಾಲೆ ಹಾಕಿ ಕುಂತೀಯೇನು?" ಎಂದು ಬೈದು ಎಬ್ಬಿಸಿಕೊಂಡು ಹೋದೆ.

ಡಾಕ್ಟರು ಅಂದಪ್ಪನನ್ನು ಎದುರಿಗೆ ಕೂರಿಸಿಕೊಂಡು ಹೇಳಿದರು. "ಇದು ಕುಡಿತದ್ದಲ್ಲರಿ. ಹೆಪಟೈಟಿಸ್ ಬಿ ವೈರಸ್ಸು. ಗಡ್ಡಿಯ ಜೀನಿನೊಳಗ ಹೊಕ್ಕು ಕುಂತೈತಿ. ಭಾಳ ವರ್ಷದ್ದು, ತಾಯಿಯಿಂದ ಬಂದಿರಬೇಕು." ನಮ್ಮವ್ವ ಶಾರವ್ವನೂ ಹೀಗೇ ಹೊಟ್ಟೆ ಉಬ್ಬಿ ಹೋದವಳು. ಒಡಹುಟ್ಟಿದವರೆಲ್ಲ ರಕ್ತ ಕೊಡಿ ಎನ್ನುತ್ತ ಅವರು ತಲೆಯೆತ್ತಿದರು. ಬಾಗಿಲಲ್ಲಿ ನಿಂತಿದ್ದ ಅಣ್ಣ ಕಂಡ.

"ಅರೆ, ನಾಗಲಿಂಗಪ್ಪ! ಇವ್ರು ನಿಮ್ಮ ತಮ್ಮನೇನ್ರಿ? ಮನಿಯವರನ್ನೆಲ್ಲಾ ಕರ್ಕೊಂಡ ಬರ್ರಿ ಅಂತ ಎಂಟು ವರ್ಷದಿಂದ ಬಡ್ಕೊಳ್ಳಾಕತ್ತೇನಲ್ರಿ! ಇದ ವೈರಸ್ಸಿಗೆ ಗುಳಿಗಿ ತಗೊಂಡು ನೀವು ಗಟ್ಟಿ ಅದೀರಿ. ಇವರಿಗೂ ಆಗ ಸುರು ಮಾಡಿದ್ರ..."

ಮಾತು ಅಲ್ಲಿಗೇ ನಿಂತಿತು. ನಮಗೇನೂ ಗೊತ್ತಿರಲಿಲ್ಲ ಎಂಬುದು ನಮ್ಮ ಮುಖ ನೋಡಿ ಅವರಿಗೆ ತಿಳಿಯಿತು. ಈಗ ಕಾಲ ಮೀರಿದೆ ಎಂಬುದನ್ನು ಮೆಲ್ಲಗೆ ಹೇಳಿದರು. ನನಗೂ ಶಿವಬಸವ್ವನಿಗೂ ರಕ್ತ ನೋಡಿದರು, ಏನೂ ಇರಲಿಲ್ಲ, ಲಸಿಕೆ ಹಾಕಿ ಕಳಿಸಿದರು.

ನೂಲಂತೆ ನೂಲು! ನಂಬಿದ ಎಮ್ಮೆ ಕೋಣ ಈದಿತ್ತು. ಹೊರಗೆ ಬಂದವಳೇ ಅಣ್ಣನ ಅಂಗಿ ಹಿಡಿದೆ.

"ನಿನ್ನ ಮದುವಿ ಸಲುವಾಗಿ ಮುಚ್ಚಿಟ್ನಿ, ತಂಗಿ" ಎಂದ. "ಕಾಮಣಿ ರೋಗದ ಮನಿತನ ಅಂದಿದ್ರ ನಿನ್ನ ಯಾರ ಮಾಡ್ಕೋತಿದ್ರು?"

"ನನ್ನ ಮದುವಿ ಆಗಿ ಏಳು ವರ್ಷಾತಲೋ! ಆಮ್ಯಾಲೆ ಯಾರ ಮದುವಿ ಇತ್ತು?"

"ಆಮ್ಯಾಲೆ ಹೇಳಿದ್ರ, ಇಷ್ಟ ದಿನ ಯಾಕ ಹೇಳಲಿಲ್ಲ ಅಂತಿದ್ರಿ" ಎಂದು ನೆಲ ನೋಡಿದ.

ನನ್ನ ತಾಳಿಯನ್ನು ನೆಪ ಮಾಡಿಕೊಂಡನಲ್ಲ ಎಂದು ಮೈಯೆಲ್ಲ ಉರಿಯಿತು. ಅಷ್ಟು ಜನರ ಮುಂದೆ ಅವನಿಗೆ ಹೊಡೆದೇ ಬಿಡುತ್ತಿದ್ದೆ, ಬೆಂಚಿನ ಮೇಲಿದ್ದ ಅಂದಪ್ಪ ನನ್ನ ಕೈ ಹಿಡಿದ. ಬೈಯಲಿಲ್ಲ, ಅಳಲಿಲ್ಲ.

"ಅಣ್ಣಾ, ಅವ್ವ ಹೋದ ಮ್ಯಾಲೆ ಒಂದ ತಾಟಿನ್ಯಾಗ ಉಂಡವ್ರು ನಾವು. ಆ ಗುಳಿಗಿ ಒಬ್ಬಾವನ ಹೆಂಗ ನುಂಗಿದ್ಯೋ?"

ದೀಪಾವಳಿಗೆ ಮುಂಚೆ ಅಂದಪ್ಪ ತೀರಿಕೊಂಡ. ಅಲ್ಲಿಯವರೆಗೂ ಅಣ್ಣ ತಮ್ಮ ಇಬ್ಬರೂ ಒಂದೇ ಮನೆಯಲ್ಲಿದ್ದರು. ಅಂದಪ್ಪ ಅವನನ್ನು ಅಣ್ಣಾ ಎಂದು ಕರೆದದ್ದು ಆ ಬೆಂಚಿನ ಮೇಲೆ, ಅದೇ ಕಡೆಯ ಸಲ.